ಅಡ್ಡಹೆಸರಿನ ಋಣ: ‘ಅಂಬೇಡ್ಕರ್’ ಎಂಬ ಹೆಸರನ್ನು ಓದುವ ಬಗೆ

‘ಅಂಬೇಡ್ಕರ್ ಅನ್ನೋದು ಬ್ರಾಹ್ಮಣರ ಸರ್‌ನೇಮ್ ಕಣ್ರೀ, ಗೊತ್ತಾ ನಿಮಗೆ?’

ಪ್ರತಿವರ್ಷ ಏಪ್ರಿಲ್ 14ರ ಆಸುಪಾಸಿನಲ್ಲಿ ಯಾರಾದರೊಬ್ಬರು ನನಗೆ ಈ ಸುದ್ದಿಯನ್ನು ಹೇಳಿಯೇ ಹೇಳುತ್ತಾರೆ. ಹೇಳುವವರ ಮುಖದಲ್ಲಿ ದ್ವೇಷ ಇರುವುದಿಲ್ಲ. ಬದಲಿಗೆ ಒಂದು ಬಗೆಯ ಔದಾರ್ಯ ಇರುತ್ತದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, ಜಯಂತಿಯ ಭಾಷಣಕ್ಕೆ ಹೊರಟವನಿಗೆ ಒಂದು ಉಪಯುಕ್ತ ಮಾಹಿತಿ ಕೊಡುವ ಧಾಟಿಯಲ್ಲಿ ಹೇಳುತ್ತಾರೆ. ಸಾತಾರದ ಶಾಲೆಯಲ್ಲಿ ಒಬ್ಬ ಬ್ರಾಹ್ಮಣ ಮಾಸ್ತರರಿದ್ದರು, ಅವರಿಗೆ ಭೀಮನ ಮೇಲೆ ಬಲು ಪ್ರೀತಿ, ಹುಡುಗನ ಅಡ್ಡಹೆಸರು ಉದ್ದವಾಗಿತ್ತು, ತಮ್ಮದನ್ನೇ ಕೊಟ್ಟುಬಿಟ್ಟರು. ಇಷ್ಟೇ ಕಥೆ. ಕಥೆ ಮುಗಿದ ಮೇಲೆ ಹೇಳಿದವರು ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ನಾನು ಏನಾದರೂ ವಾಪಸು ಕೊಡಬೇಕೆಂದು ಅವರು ನಿರೀಕ್ಷಿಸುತ್ತಿರುತ್ತಾರೆ. ಏನನ್ನು ಅನ್ನುವುದು ನನಗೆ ಬಹಳ ದಿನ ಹೊಳೆದಿರಲಿಲ್ಲ.

ಈ ಕಥೆ ನಿಜವೋ ಸುಳ್ಳೋ ಎಂದು ಜಗ್ಗಾಡುವುದು ನನ್ನ ಉದ್ದೇಶವಲ್ಲ. ನಿಜವೇ ಇರಬಹುದು. ಒಂದು ಅಡ್ಡಹೆಸರಿನ ಹುಟ್ಟನ್ನು ಹೇಳುವ ಕಥೆ ನಮ್ಮ ನಡುವೆ ಯಾವ ಕೆಲಸ ಮಾಡುತ್ತಿದೆ ಅನ್ನುವುದು ನನ್ನ ಪ್ರಶ್ನೆ. ಹೆಸರು ಕೂಡಾ ಒಂದು ಪಠ್ಯ. ಕವಿತೆ ಕಾದಂಬರಿಗಳನ್ನು ಓದುವ ಹಾಗೆ ಅದನ್ನೂ ಓದಬಹುದು, ಓದಬೇಕು. ದಲಿತ ವಿಮರ್ಶೆ ಅಂತ ನಾವು ಕರೆದುಕೊಳ್ಳುವುದು ಬರೀ ದಲಿತರು ಬರೆದ ಪುಸ್ತಕಗಳ ಗುಣದೋಷ ಹೇಳುವುದಕ್ಕೆ ಸೀಮಿತವಾಗಬೇಕಾಗಿಲ್ಲ.

ಮೊದಲು ಆ ಹೆಸರಿನ ಮೈಯನ್ನೇ ನೋಡೋಣ. ಬಾಬಾಸಾಹೇಬರ ತಂದೆ ರಾಮಜಿ ಮಾಲೋಜಿ ಸಕಪಾಳ, ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಸಕಪಾಳ ಅನ್ನುವುದು ಕುಲದ ಹೆಸರು. ಅದು ಮಹಾರರಲ್ಲೂ ಇದೆ, ಮರಾಠರಲ್ಲೂ ಇದೆ. ಮನೆತನದ ಮೂಲ ಊರು ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನ ಆಂಬಡವೆ. ಮರಾಠಿಯಲ್ಲಿ ಊರಿನ ಹೆಸರಿಗೆ ‘ಕರ್’ ಹಚ್ಚಿದರೆ ಆ ಊರಿನವನು ಎಂದು ಅರ್ಥ. ಕೊಂಕಣದ ತುಂಬಾ ಈ ಪದ್ಧತಿ ಇದೆ. ಮಂಗೇಶಿಯವರು ಮಂಗೇಶ್ಕರ್ ಆದ ಹಾಗೆ ಆಂಬಡವೆಯವರು ಆಂಬಡವೇಕರ್. ಹೀಗೆ ನೋಡಿದರೆ ‘ಅಂಬೇಡ್ಕರ್’ ಅಂದರೆ ಅಂಬೇಡ್ ಎಂಬ ಊರಿನವನು ಅಂತಾಯಿತು. ಭೀಮರಾಯರ ಮನೆತನ ಅಂಥ ಊರಿನದಲ್ಲ. ಅಂದರೆ ನಾವು ಪ್ರತಿದಿನ ಉಚ್ಚರಿಸುವ ಈ ಹೆಸರಿನೊಳಗೆ ಒಂದು ಊರು ಕಳೆದುಹೋಗಿದೆ, ಇನ್ನೊಂದು ಊರು ಬಂದು ಕೂತಿದೆ. ಮಾಸ್ತರರು ಕೊಟ್ಟರು ಅನ್ನುವ ಕಥೆಯಲ್ಲಿ ಏನನ್ನು ತೆಗೆದುಕೊಂಡರು ಅನ್ನುವ ಲೆಕ್ಕ ಬರುವುದೇ ಇಲ್ಲ.

ಸಾತಾರದ ಹೈಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ 7 ನವೆಂಬರ್ 1900ರಂದು, 1914ನೆಯ ಕ್ರಮಸಂಖ್ಯೆಯ ಎದುರು ಹುಡುಗನ ಹೆಸರಿದೆ: ಭಿವಾ ರಾಮಜಿ ಆಂಬೇಡಕರ. ಇಂಗ್ಲಿಷ್ ಮೊದಲನೆ ಇಯತ್ತೆ. ಆ ದಿನವನ್ನು ಮಹಾರಾಷ್ಟ್ರ ಸರ್ಕಾರ 2017ರಿಂದ ವಿದ್ಯಾರ್ಥಿ ದಿನವಾಗಿ ಆಚರಿಸುತ್ತಿದೆ. ಅಡ್ಡಹೆಸರು ಬದಲಾಗಿದ್ದರೆ ಆ ದಿನವೋ ಅದಕ್ಕೂ ಮುಂಚೆಯೋ ಬದಲಾಗಿರಬೇಕು ಅಂತ ಈ ನಮೂದು ಹೇಳುತ್ತದೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಅದರಲ್ಲಿರುವ ಮೊದಲ ಹೆಸರು. ‘ಭಿವಾ’. ಮನೆಯಲ್ಲಿ ಅಕ್ಕರೆಯಿಂದ ಕರೆಯುವ, ಕೇರಿಯ ಬಾಯಲ್ಲಿ ತಿರುಗುವ ಹೆಸರು. ಭಿವಾ ಹೋಗಿ ಭೀಮರಾವ್ ಆದದ್ದು ಯಾರ ಕೊಡುಗೆ ಅಂತ ಯಾರೂ ಕೇಳಿಲ್ಲ. ಅದರ ಬಗ್ಗೆ ಕಥೆ ಕಟ್ಟಿದವರಿಲ್ಲ. ಕಥೆ ಕಟ್ಟಬೇಕಾದರೆ ಕೊಟ್ಟವರು ದೊಡ್ಡವರಾಗಿರಬೇಕು.

ಮಾಸ್ತರರ ಕಥೆಯನ್ನು ವಿಸ್ತಾರವಾಗಿ ಹೇಳಿದವರು ಧನಂಜಯ ಕೀರ್. 1954ರಲ್ಲಿ ಬಂದ ಅವರ ಜೀವನಚರಿತ್ರೆಯಲ್ಲಿ ಇನ್ನೊಂದು ವಿವರವಿದೆ. ಆ ಮಾಸ್ತರರು ಮಧ್ಯಾಹ್ನದ ಬಿಡುವಿನಲ್ಲಿ ಪ್ರತಿದಿನ ಹುಡುಗನಿಗೆ ತಮ್ಮ ಬುತ್ತಿಯಿಂದ ಅನ್ನ, ರೊಟ್ಟಿ, ಪಲ್ಯ ಕೊಡುತ್ತಿದ್ದರು. ಕೀರ್ ಬಳಸುವ ಕ್ರಿಯಾಪದ ‘ಕೊಡು’ ಅಲ್ಲ. ಕೈಗೆ ‘ಹಾಕು’ ಅನ್ನುವಂಥದ್ದು. ಮೇಲಿನಿಂದ ಬಿಡುವುದು. ಸ್ನೇಹಿತರೇ, ಈ ಕ್ರಿಯಾಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮಲ್ಲಿ ಈ ಕ್ರಿಯಾಪದ ಗೊತ್ತಿಲ್ಲದವರು ಯಾರಿದ್ದಾರೆ? ಬೊಗಸೆ ಒಡ್ಡಿ ನೀರು ಕುಡಿದ ಅಜ್ಜಂದಿರ ಮೊಮ್ಮಕ್ಕಳು ನಾವು. ಮಾಸ್ತರರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆ ಕಾಲದಲ್ಲಿ ಅಷ್ಟು ಮಾಡಿದವರೂ ಕಮ್ಮಿ. ಆದರೆ ತನ್ನ ಅಡ್ಡಹೆಸರನ್ನೇ ಹುಡುಗನ ಮೈಗೆ ಅಂಟಿಸಬಲ್ಲ ಕೈ, ರೊಟ್ಟಿಯನ್ನು ಅವನ ಕೈಯಲ್ಲಿ ಇಡಲಾರದು. ಹೆಸರಿಗೆ ಮೈಲಿಗೆ ಇಲ್ಲ. ಅದು ಕಾಗದದ ಮೇಲೆ ಇರುತ್ತದೆ, ಮೈ ಮುಟ್ಟುವುದಿಲ್ಲ. ಕಥೆಯನ್ನು ನನಗೆ ಹೇಳಿದವರೆಲ್ಲ ಹೆಸರನ್ನು ನೆನಪಿಟ್ಟರು, ರೊಟ್ಟಿಯನ್ನು ಮರೆತರು. ರೊಟ್ಟಿ ನೆನಪಿಟ್ಟವರು ಕೂಡಾ ಅದು ಯಾವ ಎತ್ತರದಿಂದ ಬಿತ್ತು ಅನ್ನುವುದನ್ನು ಮರೆತರು.

ಬಾಬಾಸಾಹೇಬರು ಮರೆತವರಲ್ಲ. ದುಂಡುಮೇಜಿನ ಪರಿಷತ್ತಿಗೆ ಹೊರಟಾಗ ಆ ಮಾಸ್ತರರು ಬರೆದ ಪತ್ರವನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರೆಂದು ಕೀರ್ ಬರೆಯುತ್ತಾರೆ. ಕೃತಜ್ಞತೆ ಅವರಿಗೆ ಬಿಟ್ಟ ವಿಷಯ. ಅವರ ಕೃತಜ್ಞತೆಯನ್ನು ನೂರು ವರ್ಷದ ಮೇಲೆ ಇಡೀ ಸಮುದಾಯದಿಂದ ಬಡ್ಡಿ ಸಮೇತ ವಸೂಲಿ ಮಾಡುವ ಹಕ್ಕು ಮತ್ತೊಬ್ಬರಿಗೆ ಎಲ್ಲಿಂದ ಬಂತು?

ಇಲ್ಲೊಂದು ಸಂಗತಿ ಇದೆ, ನಮ್ಮ ಭಾಷಣಗಳಲ್ಲಿ ಇದು ಬರುವುದೇ ಇಲ್ಲ. ಅವರು ತಮ್ಮ ಬಾಲ್ಯದ ಸಾತಾರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿಟ್ಟ ಪುಟಗಳು ‘ವೇಯ್ಟಿಂಗ್ ಫಾರ್ ಎ ವೀಸಾ’ ಎಂಬ ಚಿಕ್ಕ ಪುಸ್ತಕವಾಗಿ 1990ರಲ್ಲಿ ಬಂದವು. ಅದರಲ್ಲಿ ಕೂರಲು ಮನೆಯಿಂದ ಒಯ್ಯುತ್ತಿದ್ದ ಗೋಣಿತಟ್ಟು ಇದೆ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ ಅನ್ನುವ ಮಾತಿದೆ. ಕೂದಲು ಕತ್ತರಿಸಲು ಕ್ಷೌರಿಕ ಒಪ್ಪದೆ ಅಕ್ಕನೇ ಕತ್ತರಿಸುತ್ತಿದ್ದ ನೆನಪಿದೆ. ಅಡ್ಡಹೆಸರಿನ ಕಥೆ ಮಾತ್ರ ಇಲ್ಲ. ಅಲ್ಲಿ ಬರುವುದು 1901ರ ಮಸೂರ ರೈಲು ನಿಲ್ದಾಣ. ದೂರದ ಊರಿನಲ್ಲಿ ಕ್ಯಾಷಿಯರ್ ಆಗಿದ್ದ ತಂದೆಯನ್ನು ನೋಡಲು ಅಣ್ಣ, ತಮ್ಮ, ಅಕ್ಕನ ಮಕ್ಕಳಿಬ್ಬರು ಹೊರಟಿದ್ದಾರೆ. ಒಳ್ಳೆ ಬಟ್ಟೆ, ಜರಿಯ ಟೊಪ್ಪಿಗೆ. ನೋಡಿದ ಸ್ಟೇಷನ್ ಮಾಸ್ತರ ಬ್ರಾಹ್ಮಣರ ಮಕ್ಕಳಿರಬೇಕು ಅಂದುಕೊಂಡು ಮರುಕದಿಂದ ಯಾರಪ್ಪಾ ನೀವು ಅಂತ ಕೇಳುತ್ತಾನೆ. ಹುಡುಗ ಭೀಮ ಯೋಚಿಸದೆ ‘ಮಹಾರರು’ ಅಂದುಬಿಡುತ್ತಾನೆ. ಮಾಸ್ತರನ ಮುಖ ಬದಲಾಗುತ್ತದೆ. ಆಮೇಲೆ ಗಾಡಿ ಸಿಗುವುದಿಲ್ಲ. ಸಿಕ್ಕವನಿಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವ ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ರಾತ್ರಿಯೆಲ್ಲ ಕುಡಿಯಲು ನೀರಿಲ್ಲ.

ದಾಖಲಾತಿಯ ತಾರೀಕನ್ನು ಇದರ ಪಕ್ಕ ಇಟ್ಟು ನೋಡ್ರಿ. 1900ರ ನವೆಂಬರಿನಲ್ಲೇ ಹುಡುಗನ ಹೆಸರು ಅಂಬೇಡ್ಕರ್ ಆಗಿದೆ. 1901ರಲ್ಲಿ ನಿಲ್ದಾಣದಲ್ಲಿ ನಿಂತವನ ಹತ್ತಿರ ‘ಬ್ರಾಹ್ಮಣರ ಸರ್‌ನೇಮ್’ ಇತ್ತು. ಅದು ಅವನಿಗೆ ಒಂದು ತಂಬಿಗೆ ನೀರನ್ನೂ ತಂದುಕೊಡಲಿಲ್ಲ. ನನ್ನ ಪ್ರಕಾರ ಈ ಹೆಸರಿನ ಹುಟ್ಟಿನ ಬಗ್ಗೆ ಕೊಡಬಹುದಾದ ಉತ್ತರ ಇದು. ಮಾಸ್ತರರು ಕೊಟ್ಟ ದಿನ ಆ ಹೆಸರಿಗೆ ಬೆಲೆ ಇರಲಿಲ್ಲ. ಕೊಂಕಣದ ಒಂದು ಚಿಕ್ಕ ವಲಯದಾಚೆ ಯಾರಿಗೂ ಗೊತ್ತಿಲ್ಲದ, ಅಪರೂಪದ ಒಂದು ಅಡ್ಡಹೆಸರು ಅಷ್ಟೆ. ಅದಕ್ಕೆ ಬೆಲೆ ಬಂದದ್ದು ಮಹಾಡದ ಕೆರೆಯ ದಂಡೆಯಲ್ಲಿ, 1927ರಲ್ಲಿ.

ನನ್ನ ಮನೆಯ ಕಥೆ ಹೇಳದೆ ಮುಂದೆ ಹೋಗಲಾರೆ. ನಾನು ವಿಜಯಪುರ ಜಿಲ್ಲೆಯವನು. ನಮ್ಮ ಮನೆತನಕ್ಕೆ ದೊಡ್ಡಮನಿಯವರು ಅಂತ ಹೆಸರು. ಕೇರಿಯಲ್ಲಿ ಇವತ್ತೂ ಹಾಗೇ ಕರೆಯುತ್ತಾರೆ. 1970ರ ದಶಕದಲ್ಲಿ ಅಪ್ಪನನ್ನು ಸಾಲಿಗೆ ಹಚ್ಚಲು ಅಜ್ಜ ಕರಕೊಂಡು ಹೋದಾಗ ಅಡ್ಡಹೆಸರು ಏನು ಅಂತ ಅಲ್ಲಿನ ಮಾಸ್ತರರು ಕೇಳಲೇ ಇಲ್ಲವಂತೆ. ಕೇರಿ ಯಾವುದು ಅಂತ ನೋಡಿದರು, ‘ಹರಿಜನ’ ಅಂತ ಬರೆದರು. ಅಪ್ಪನ ದಾಖಲೆಯಿಂದ ನನ್ನದಕ್ಕೆ, ನನ್ನ ತಂಗಿಯದಕ್ಕೆ ಅದು ಇಳಿದು ಬಂತು. ಸಾತಾರದಲ್ಲಿ ಒಬ್ಬ ಮಾಸ್ತರರು ದಾಖಲಾತಿ ಪುಸ್ತಕದಲ್ಲಿ ತಮ್ಮ ಹೆಸರು ಬರೆದರು, ನಮ್ಮೂರಲ್ಲಿ ಒಬ್ಬರು ಗಾಂಧೀಜಿಯ ಹೆಸರು ಬರೆದರು. ಒಬ್ಬರದು ಪ್ರೀತಿ, ಇನ್ನೊಬ್ಬರದು ಅಸಡ್ಡೆ ಅಂತ ಹೇಳಬಹುದು. ಆದರೆ ಪೆನ್ನು ಯಾರ ಕೈಯಲ್ಲಿತ್ತು ಅನ್ನುವುದು ಎರಡೂ ಕಡೆ ಒಂದೇ.

ನಮ್ಮ ಕಡೆಯ ಅಡ್ಡಹೆಸರುಗಳನ್ನು ಸುಮ್ಮನೆ ಒಂದು ಸಲ ಹಾಜರಿ ಕರೆದ ಹಾಗೆ ಕರೆದು ನೋಡಿ. ಕುಲಕರ್ಣಿ, ದೇಸಾಯಿ, ಪಾಟೀಲ, ನಾಡಗೌಡ: ಇವು ಅಧಿಕಾರದ ಹೆಸರುಗಳು, ಭೂಮಿಯ ಮತ್ತು ಲೆಕ್ಕದ ಪುಸ್ತಕದ ಹೆಸರುಗಳು. ಬಡಿಗೇರ, ಕಂಬಾರ, ಗಾಣಿಗೇರ: ಇವು ಕೈಯ ಹೆಸರುಗಳು. ಮಾದರ, ಹೊಲೇರ, ಚಲವಾದಿ: ಇವು ಏನು? ಚಲವಾದಿ ಅನ್ನುವುದಕ್ಕಾದರೆ ಗಂಟೆ ಬಟ್ಟಲು ಹೊತ್ತು ಮೆರವಣಿಗೆಯ ಮುಂದೆ ನಡೆಯುವ ಒಂದು ಕೆಲಸದ ನೆನಪಿದೆ. ಉಳಿದೆರಡು ಬರೀ ಜಾತಿಯೇ. ನಡುವೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರುಗಳೂ ಇವೆ, ದಕ್ಷಿಣದ ಗೆಳೆಯರು ಕೇಳಿ ನಗುತ್ತಾರೆ. ಅವರ ಕಡೆ ‘ಅಡ್ಡಹೆಸರು’ ಅಂದರೇನೇ ಗೇಲಿ ಮಾಡಲು ಇಟ್ಟ ಹೆಸರು ಅಂತ ಅರ್ಥ. ನಮ್ಮ ಮಟ್ಟಿಗೆ ಈ ಎರಡು ಅರ್ಥಗಳ ನಡುವೆ ಬಹಳ ದೂರವೇನೂ ಇಲ್ಲ.

ಹೆಸರಿನ ಈ ರಾಜಕಾರಣವನ್ನು ಬಾಬಾಸಾಹೇಬರಷ್ಟು ನಿಷ್ಠುರವಾಗಿ ಯೋಚಿಸಿದವರು ನಮ್ಮಲ್ಲಿ ಕಡಿಮೆ. 1936ರಲ್ಲಿ ಮತಾಂತರದ ಬಗ್ಗೆ ಮಹಾರರ ಪರಿಷತ್ತಿನಲ್ಲಿ ಮಾತಾಡುವಾಗ ಹೆಸರು ಬದಲಿಸುವ ಪ್ರಶ್ನೆಯನ್ನು ಅವರು ನೇರವಾಗಿ ಕೈಗೆತ್ತಿಕೊಂಡರು. ‘ಅವೇ ಫ್ರಮ್ ದಿ ಹಿಂದೂಸ್’ ಎಂಬ ಬರಹದಲ್ಲಿ ಆ ವಿಚಾರ ಇನ್ನೂ ಬೆಳೆದಿದೆ. ಅಸ್ಪೃಶ್ಯನಿಗೆ ನೀನು ಯಾರು ಅಂದರೆ ಅವನು ನಿಜವಾದ ಹೆಸರು ಹೇಳುವುದಿಲ್ಲ, ಚೋಖಾಮೇಳ ಅನ್ನುತ್ತಾನೆ, ಇನ್ನೇನೋ ಅನ್ನುತ್ತಾನೆ; ಪ್ರಾಣಿಗಳು ಜೀವ ಉಳಿಸಿಕೊಳ್ಳಲು ಮೈಬಣ್ಣ ಬದಲಿಸುವ ಹಾಗೆ ಇದು. ಆದರೆ ಹಿಂದೂ ಧರ್ಮದ ಒಳಗಿದ್ದುಕೊಂಡು ಎಷ್ಟು ಹೆಸರು ಬದಲಿಸಿದರೂ ಪ್ರಯೋಜನವಿಲ್ಲ, ಮುಂದಿನ ಪ್ರಶ್ನೆ ಬಂದೇ ಬರುತ್ತದೆ, ಕೊನೆಗೆ ಹಳೇ ಹೆಸರೇ ಹೊರಬೀಳುತ್ತದೆ. ಇದು ಅವರ ವಾದದ ಸಾರ. ಮಸೂರ ನಿಲ್ದಾಣದಲ್ಲಿ ಬಾಲಕನಿಗೆ ಆದದ್ದು ಹೆಚ್ಚೂಕಡಿಮೆ ಇದೇ. ಒಳ್ಳೆಯ ಬಟ್ಟೆ ಇತ್ತು, ಒಳ್ಳೆಯ ಅಡ್ಡಹೆಸರಿತ್ತು, ಒಂದೇ ಒಂದು ಪ್ರಶ್ನೆಗೆ ಎರಡೂ ಬಿದ್ದುಹೋದವು.

1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸ್ಥಳೀಯ ಮಂಡಳಿಗಳ ಮಸೂದೆಗೆ ‘ಹರಿಜನ’ ಪದವನ್ನು ಸೇರಿಸಲು ಹೊರಟಾಗ ಅವರು ಅದನ್ನು ವಿರೋಧಿಸಿ ತಮ್ಮ ಪಕ್ಷದವರ ಜೊತೆ ಸಭಾತ್ಯಾಗ ಮಾಡಿದರು. ನಮ್ಮ ಹೆಸರನ್ನು ನಾವು ಹೇಳುತ್ತೇವೆ ಅನ್ನುವುದು ಆ ಸಭಾತ್ಯಾಗದ ಅರ್ಥ. ಅದಾಗಿ ಮೂವತ್ತು ನಲವತ್ತು ವರ್ಷದ ಮೇಲೂ ನಮ್ಮಪ್ಪನ ಹೆಸರಿನ ಮುಂದೆ ಅದೇ ಪದ ಬಂದು ಕೂತಿತು. ಯಾವ ಪದವನ್ನು ಬಾಬಾಸಾಹೇಬರು ಎದ್ದು ಹೊರನಡೆದು ತಿರಸ್ಕರಿಸಿದರೋ ಅದು ನನ್ನ ಎಂ.ಎ. ಪದವಿ ಪ್ರಮಾಣಪತ್ರದ ಮೇಲೆ ಇದೆ.

ಈಗ ನಮ್ಮ ಸಾಹಿತ್ಯದ ಕಡೆ ಬರೋಣ. ಆಂಬಡವೇಕರ್ ಅನ್ನುವ ಹೆಸರಿನ ಬಗ್ಗೆ ಯೋಚಿಸುವಾಗ ನನಗೆ ಪಕ್ಕದಲ್ಲೇ ನೆನಪಾಗುವುದು ದೇವನೂರ ಮಹಾದೇವ, ಮೂಡ್ನಾಕೂಡು ಚಿನ್ನಸ್ವಾಮಿ, ಕೋಟಿಗಾನಹಳ್ಳಿ ರಾಮಯ್ಯ. ಮೂವರೂ ಊರನ್ನು ಹೆಸರಿನ ಮುಂದೆ ಇಟ್ಟುಕೊಂಡವರು. ದಕ್ಷಿಣದಲ್ಲಿ ಇದು ಎಲ್ಲ ಜಾತಿಯವರ ರೂಢಿಯೇ ಇರಬಹುದು. ಆದರೂ ದಲಿತ ಲೇಖಕನೊಬ್ಬ ಹಾಗೆ ಬರೆದುಕೊಂಡಾಗ ಅದರ ಧ್ವನಿ ಬೇರೆಯಾಗುತ್ತದೆ. ಊರು ಬೇರೆ, ಕೇರಿ ಬೇರೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಅಂತ ಹೆಸರಿಟ್ಟದ್ದು ಸುಮ್ಮನಲ್ಲ. ತನ್ನನ್ನು ಒಳಗೆ ಬಿಟ್ಟುಕೊಳ್ಳದ ಊರನ್ನು ಇಡಿಯಾಗಿ ತನ್ನ ಹೆಸರಿಗೆ ಹಚ್ಚಿಕೊಳ್ಳುವುದು ಒಂದು ಹಕ್ಕಿನ ಮಾತು. ಇವತ್ತು ದೇವನೂರು ಅಂದರೆ ಕನ್ನಡ ಓದುಗರಿಗೆ ನೆನಪಾಗುವುದು ಯಾವ ಗೌಡರೂ ಅಲ್ಲ. ಆಂಬಡವೆಗೆ ಈ ಭಾಗ್ಯ ಹೆಸರಿನಲ್ಲಿ ಸಿಗಲಿಲ್ಲ. ಮಾಸ್ತರರು ಉದ್ದವಾಯಿತು ಅಂತ ಅಳಿಸಿದ್ದು ಎರಡು ಮೂರು ಅಕ್ಷರಗಳನ್ನಲ್ಲ, ಒಂದು ಊರಿನ ಮೇಲೆ ಒಬ್ಬ ಮಹಾರ ಹುಡುಗ ಹಾಕಿದ್ದ ಕ್ಲೇಮನ್ನು.

ವಚನಕಾರರ ವಿಷಯದಲ್ಲಿ ನಮ್ಮ ವಿಮರ್ಶಕರು ಮಾಡಿಕೊಂಡು ಬಂದದ್ದು ಇನ್ನೂ ವಿಚಿತ್ರ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ. ಒಂದೊಂದು ಹೆಸರಿಗೂ ಜಾತಿಯ ಗೂಟ. ಆದರೆ ಬಸವಣ್ಣನನ್ನು ಯಾವ ಸಾಹಿತ್ಯ ಚರಿತ್ರೆಯೂ ಹಾರುವ ಬಸವಣ್ಣ ಅನ್ನುವುದಿಲ್ಲ. ಸ್ವತಃ ಬಸವಣ್ಣನೇ ತನ್ನನ್ನು ಚೆನ್ನಯ್ಯನ, ಕಕ್ಕಯ್ಯನ ಮನೆಯ ಮಗ ಅಂತ ಹೇಳಿಕೊಂಡಿದ್ದರೂ ಪಂಡಿತರು ಆ ಅಡ್ಡಹೆಸರನ್ನು ಅವನಿಗೆ ಕೊಡಲಿಲ್ಲ. ಕಾಯಕದ ಗೌರವಕ್ಕಾಗಿ ಆ ಹೆಸರುಗಳು ಬಂದಿವೆ ಅನ್ನುವ ಸಮಜಾಯಿಷಿ ಇದೆ. ಕಾಯಕ ಎಲ್ಲರಿಗೂ ಇತ್ತಲ್ಲ, ಹಾಗಾದರೆ ಕರಣಿಕ ಬಸವಣ್ಣ ಅಂತಾದರೂ ಅನ್ನಬಹುದಿತ್ತಲ್ಲ?

ಇದಕ್ಕೆ ಒಳಗಿನಿಂದಲೇ ಉತ್ತರ ಕೊಟ್ಟವನು ಚೌಡಯ್ಯ. ಉಳಿದವರೆಲ್ಲ ದೇವರ ಹೆಸರನ್ನು ಅಂಕಿತ ಮಾಡಿಕೊಂಡಾಗ ಅವನು ‘ಅಂಬಿಗರ ಚೌಡಯ್ಯ’ ಅಂತ ತನ್ನದೇ ಹೆಸರನ್ನು, ಅದೂ ಕಸುಬಿನ ಸಮೇತ, ಅಂಕಿತ ಮಾಡಿಕೊಂಡ. ಮತ್ತೊಬ್ಬರು ಹಚ್ಚುವ ಮೊದಲೇ ತಾನೇ ಹಚ್ಚಿಕೊಂಡ. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಟ ಬರುತ್ತವೆ. ಅಡ್ಡಹೆಸರು ಮೇಲಿನಿಂದ ಬೀಳುತ್ತದೆ, ಅಂಕಿತವನ್ನು ತಾನೇ ಆರಿಸಿಕೊಳ್ಳಬೇಕು. ‘ಬಿ. ಆರ್. ಅಂಬೇಡ್ಕರ್’ ಅನ್ನುವುದನ್ನು ನಾನು ಅಡ್ಡಹೆಸರಾಗಿ ಅಲ್ಲ, ಅಂಕಿತವಾಗಿ ಓದಲು ಇಷ್ಟಪಡುತ್ತೇನೆ. 1936ರ ‘ಜಾತಿ ವಿನಾಶ’ದ ಕೆಳಗೆ ಬಿದ್ದ ಆ ಸಹಿ ಸಾತಾರದ ದಾಖಲಾತಿಯ ನಮೂದಲ್ಲ. ಅಕ್ಷರ ಅವೇ, ಪೆನ್ನು ಬೇರೆ.

ಈ ಹೆಸರು ಎಷ್ಟು ಜನರಿಗಿದೆ? ಅಡ್ಡಹೆಸರಾಗಿ ಬಹಳ ಕಡಿಮೆ. ಬಾಬಾಸಾಹೇಬರ ವಂಶದವರು, ಕೊಂಕಣದ ಕೆಲವು ಮನೆತನಗಳು. 1948ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಡಾ. ಶಾರದಾ ಕಬೀರ್ ಅವರನ್ನು ಮದುವೆಯಾಗಿ ಸವಿತಾ ಅಂಬೇಡ್ಕರ್ ಆದರು. ಒಬ್ಬ ದಲಿತ ತನ್ನ ಅಡ್ಡಹೆಸರನ್ನು ಬ್ರಾಹ್ಮಣ ಹೆಣ್ಣುಮಗಳಿಗೆ ಕೊಟ್ಟ ಅನ್ನುವ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಯಾರೂ ನನಗೆ ಹೇಳಿಲ್ಲ. ಹೆಣ್ಣಿಗೆ ಹೆಸರು ಕೊಡುವುದು ಕೊಡುಗೆ ಅಂತ ನಮಗೆ ಅನ್ನಿಸುವುದೂ ಇಲ್ಲ, ಅದು ಬೇರೆ ಲೇಖನದ ವಿಷಯ. ಇನ್ನು, ಹೆಸರು ಹಿಂದೂ ಅಡ್ಡಹೆಸರಾಗಿ ಹುಟ್ಟಿತು, 14 ಅಕ್ಟೋಬರ್ 1956ರಂದು ನಾಗಪುರದಲ್ಲಿ ಬೌದ್ಧವಾಯಿತು. ಈ ಎರಡನೆಯ ಜನ್ಮದ ದಾತರು ಯಾರು ಅಂತಲೂ ಕೇಳುವವರಿಲ್ಲ.

ಊರಿನ ಹೆಸರಾಗಿ ಮಾತ್ರ ಅದು ದೇಶದ ತುಂಬಾ ಇದೆ. ಊರಿನಿಂದ ಹುಟ್ಟಿದ ಅಡ್ಡಹೆಸರು ತಿರುಗಿ ಊರಿನ ಹೆಸರಾಗಿದೆ. ಆದರೆ ಯಾವ ಊರಿನ? ಬೆಂಗಳೂರಿನ ವಿಧಾನಸೌಧದ ಮುಂದೆ ಅಂಬೇಡ್ಕರ್ ವೀದಿ ಇದೆ, ಮೆಟ್ರೋ ನಿಲ್ದಾಣಕ್ಕೂ ಆ ಹೆಸರಿದೆ. ಅದನ್ನು ಬಿಟ್ಟು ತಾಲೂಕಿನ ಕಡೆ ಇಳಿದರೆ, ಅಂಬೇಡ್ಕರ್ ನಗರ, ಅಂಬೇಡ್ಕರ್ ಕಾಲೊನಿ ಅಂದರೆ ಎಲ್ಲಿ ಅಂತ ಯಾರೂ ಕೇಳಬೇಕಾಗಿಲ್ಲ. ಹಿಂದೆ ಹೊಲಗೇರಿ ಅನ್ನುತ್ತಿದ್ದದ್ದು, ಆಮೇಲೆ ಹರಿಜನ ಕೇರಿ ಅಂದದ್ದು, ದಕ್ಷಿಣದಲ್ಲಿ ಎ.ಕೆ. ಕಾಲೊನಿ ಅನ್ನುವುದು, ಈಗ ಅಂಬೇಡ್ಕರ್ ನಗರ. ಬಾಡಿಗೆ ಮನೆ ಹುಡುಕುವಾಗ ಕಾಯಂ ವಿಳಾಸ ಏನು ಅಂದರು, ಹೇಳಿದೆ. ಮನೆ ಬೇರೆಯವರಿಗೆ ಆಗಿಹೋಗಿದೆ ಅಂದರು. ಬೋರ್ಡು ಒಂದು ತಿಂಗಳು ಹಾಗೇ ಇತ್ತು. ಜಾತಿಯನ್ನು ಹೇಳದ ಅಪರೂಪದ ಒಂದು ಹೆಸರು ನೂರು ವರ್ಷದಲ್ಲಿ ಜಾತಿಯನ್ನು ಎಲ್ಲಕ್ಕಿಂತ ಬೇಗ ಹೇಳುವ ಹೆಸರಾಗಿಬಿಟ್ಟಿದೆ. ಬ್ರಾಹ್ಮಣರ ಸರ್‌ನೇಮ್ ಅನ್ನುವವರು ಆ ಕಾಲೊನಿಯಲ್ಲಿ ಒಂದು ಸೈಟು ತೆಗೆದುಕೊಂಡು ಮನೆ ಕಟ್ಟಲಿ, ಗೇಟಿನ ಮೇಲೆ ವಿಳಾಸ ಬರೆಸಲಿ. ಆಮೇಲೆ ಮಾತಾಡೋಣ.

ಈ ಹೆಸರನ್ನು ಕೇರಿಯಿಂದ ಆಚೆ ತರಲು ಹೋದಾಗ ಏನಾಗುತ್ತದೆ ಅನ್ನುವುದಕ್ಕೆ ಚರಿತ್ರೆಯೇ ಇದೆ. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲು 1978ರ ಜುಲೈನಲ್ಲಿ ಮಹಾರಾಷ್ಟ್ರದ ಶಾಸಕಾಂಗ ನಿರ್ಣಯ ಮಾಡಿತು. ಕೂಡಲೇ ಮರಾಠವಾಡಾದ ಹಳ್ಳಿಗಳಲ್ಲಿ ದಲಿತರ ಮನೆಗಳು ಉರಿದವು, ಕೊಲೆಗಳಾದವು. ಹೆಸರು ಬಂದದ್ದು ಹದಿನಾರು ವರ್ಷಗಳ ಹೋರಾಟದ ಮೇಲೆ, 14 ಜನವರಿ 1994ರಂದು. ಅದೂ ಪೂರ್ತಿ ನಾಮಾಂತರ ಅಲ್ಲ, ಹಳೆಯ ಹೆಸರನ್ನು ಉಳಿಸಿಕೊಂಡ ‘ನಾಮವಿಸ್ತಾರ’. ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ. ಇದೆಲ್ಲ ಹಳೇ ಕಾಲದ್ದು ಅನ್ನುವವರಿಗೆ 2022ರ ಮೇ 24 ಇದೆ. ಆಂಧ್ರದ ಕೋನಸೀಮ ಜಿಲ್ಲೆಗೆ ಅವರ ಹೆಸರು ಸೇರಿಸುವುದನ್ನು ವಿರೋಧಿಸಿ ಅಮಲಾಪುರಂನಲ್ಲಿ ಮಂತ್ರಿಯೊಬ್ಬರ ಮನೆಗೇ ಬೆಂಕಿ ಬಿತ್ತು. ಬ್ರಾಹ್ಮಣರ ಅಡ್ಡಹೆಸರೊಂದಕ್ಕಾಗಿ ಯಾರೂ ಹೀಗೆ ಬೆಂಕಿ ಹಚ್ಚುವುದಿಲ್ಲ. ಬೆಂಕಿ ಹಚ್ಚಿದವರಿಗೆ ಆ ಹೆಸರು ಯಾರದು ಅಂತ ನಮ್ಮ ಸ್ಟಾಫ್ ರೂಮಿನ ಗೆಳೆಯರಿಗಿಂತ ಚೆನ್ನಾಗಿ ಗೊತ್ತಿತ್ತು.

ಹೊಡೆಯುವುದು ಒಂದು ದಾರಿಯಾದರೆ ತಬ್ಬಿಕೊಳ್ಳುವುದು ಇನ್ನೊಂದು. 2018ರ ಏಪ್ರಿಲಿನಲ್ಲಿ ಗುಜರಾತ್ ವಿಧಾನಸಭೆಯ ಅಂದಿನ ಸಭಾಧ್ಯಕ್ಷರು, ಕಲಿತವನೇ ಬ್ರಾಹ್ಮಣ, ಆದ್ದರಿಂದ ಅಂಬೇಡ್ಕರ್ ಬ್ರಾಹ್ಮಣರು ಅನ್ನುವ ಅರ್ಥದ ಮಾತಾಡಿದರು. ಅದೇ ವರ್ಷ ಉತ್ತರ ಪ್ರದೇಶ ಸರ್ಕಾರ ದಾಖಲೆಗಳಲ್ಲಿ ಅವರ ಪೂರ್ತಿ ಹೆಸರನ್ನು, ನಡುವಿನ ‘ರಾಮಜಿ’ ಸಮೇತ, ಬರೆಯಬೇಕೆಂದು ಆದೇಶ ಹೊರಡಿಸಿತು. ರಾಮಜಿ ಅವರ ತಂದೆಯ ಹೆಸರೇ ಹೌದು, ತಕರಾರಿಲ್ಲ. ಆದರೆ ಅಷ್ಟು ವರ್ಷ ಇಲ್ಲದ ಪಿತೃಭಕ್ತಿ ರಾಮನ ಹೆಸರಿನ ರಾಜಕೀಯ ನಡೆದಿರುವಾಗಲೇ ಯಾಕೆ ಉಕ್ಕಿತು? ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂದಾಗ ಆ ಶೀರ್ಷಿಕೆಯೇ ಒಂದು ಪಾಠವಾಗಿತ್ತು. ದಲಿತನನ್ನು ಬ್ರಾಹ್ಮಣ ಅಂತ ಕರೆಯುವುದು ಮೀಸಲಾತಿಯ ಮೇಲಿನ ಗೇಲಿ. ಈಗ ಅದೇ ಬಿರುದನ್ನು ಗೌರವ ಅಂತ ಕೊಡುತ್ತಿದ್ದಾರೆ. ನನಗೆ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ.

ಜನ ಈ ಗೊಡವೆಗೇ ಹೋಗಿಲ್ಲ. ಅವರು ‘ಜೈ ಭೀಮ್’ ಅಂದರು. ಜೈ ಅಂಬೇಡ್ಕರ್ ಅಂತ ಯಾಕೆ ಅನ್ನಲಿಲ್ಲ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮವ್ವ ಬರೀ ಬಾಬಾಸಾಹೇಬ ಅನ್ನುತ್ತಾಳೆ, ಅವಳ ಬಾಯಲ್ಲಿ ಅಡ್ಡಹೆಸರು ಬಂದದ್ದೇ ಕೇಳಿಲ್ಲ. ನಮ್ಮ ಕಡೆ ಭೀಮಣ್ಣ, ಭೀಮರಾಯ, ಭೀಮವ್ವ ಇಲ್ಲದ ಕೇರಿಯೇ ಇಲ್ಲ. ಅಡ್ಡಹೆಸರು ದಾಖಲೆಗೆ ಬೇಕು, ಸರ್ಕಾರಕ್ಕೆ ಬೇಕು, ಬೋರ್ಡಿಗೆ ಬೇಕು. ಕರೆಯಲು ಅವರಿಗೆ ಭಿವಾ ಸಾಕಾಯಿತು.

ಹೋದ ವರ್ಷ ನಾನು ಅಡ್ಡಹೆಸರನ್ನು ದೊಡ್ಡಮನಿ ಅಂತ ಬದಲಿಸಿಕೊಳ್ಳಲು ಓಡಾಡಿದೆ. ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ಗೆಜೆಟ್ಟು. ನಡುವೆ ಯಾರೋ ಕೇಳಿದರು, ಜಾತಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಗೆಜೆಟ್ಟಿನಲ್ಲಿ ಒಂದು ಹೆಸರು ಆದರೆ ಮುಂದೆ ಸಿಂಧುತ್ವಕ್ಕೆ ತೊಂದರೆ ಆಗಲ್ವಾ ಅಂತ. ಅಪ್ಪನಿಗೆ ಫೋನು ಮಾಡಿದೆ. ‘ಈಗ ಬದ್ಲ ಮಾಡಿದ್ರ ನಿನ್ನ ಸಾಲಿ ಸರ್ಟಿಫಿಕೇಟ್‌ನಿಂದ ಹಿಡದು ಎಲ್ಲಾ ತಿದ್ದಬೇಕಾಗ್ತದ. ನನ್ನದು ಯಾರು ತಿದ್ದತಾರ?’ ಅಂದ. ಅರ್ಜಿ ಟೇಬಲ್ಲಿನ ಖಾನೆಯಲ್ಲೇ ಇದೆ.

ನಾನೀಗ ಪಾಠ ಮಾಡುವುದು ದಕ್ಷಿಣದ ಒಂದು ಕಾಲೇಜಿನಲ್ಲಿ. ಇಲ್ಲಿ ಇನಿಷಿಯಲ್ಲು ಸಾಕು, ಪೂರ್ತಿ ಯಾರೂ ಕೇಳುವುದಿಲ್ಲ. ಮೊನ್ನೆ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸಾರ್, ನಿಮ್ಮ ಹೆಸರಲ್ಲಿ ಹೆಚ್ ಅಂದ್ರೆ ಏನು?’ ಅವಳು ಎ.ಕೆ. ಕಾಲೊನಿಯವಳು ಅಂತ ನನಗೆ ಗೊತ್ತಿತ್ತು. ಅವತ್ತು ತರಗತಿಯಲ್ಲಿ ಓದಿಸಿದ್ದು ಮಸೂರ ನಿಲ್ದಾಣದ ಆ ಪ್ರಸಂಗವನ್ನೇ. ಊರಿನ ಹೆಸರು ಅಂದೆ. ಯಾವ ಊರು ಸಾರ್ ಅಂದಳು.